ಜಾತಕ ಓದೋರು ನಮ್ಮ ಭಾಷೆಯಲ್ಲೇ ಸಿಗ್ತಾರೆ, ರಕ್ತದ ರಿಪೋರ್ಟು ಓದೋರು?

"ಇದು ಭಾಷೆಯ ಪೇಜು, ಇಲ್ಲಿ ಕಾಯಿಲೆ ಬಗ್ಗೆ ಯಾಕೆ ಬರೀತೀರಿ?" ಅಂತ ಕೇಳೋರು ಇದ್ದಾರೆ. ಅವರಿಗೆ ಮೊದಲೇ ಉತ್ತರ ಹೇಳಿಬಿಡ್ತೀವಿ. ಬಸ್ಸಿನ ಬೋರ್ಡಿನಲ್ಲಿ ಕನ್ನಡ ಇಲ್ಲದಿದ್ರೆ ನಮಗೆ ಒಂದು ಬಸ್ಸು ತಪ್ಪುತ್ತೆ. ಆಸ್ಪತ್ರೆಯಲ್ಲಿ ಥಲಸ್ಸೇಮಿಯಾ ಅನ್ನೋ ಒಂದು ಮಾತನ್ನು ಕನ್ನಡದಲ್ಲಿ ಬಿಡಿಸಿ ಹೇಳೋರು ಇಲ್ಲದಿದ್ರೆ, ಅದೇ ಮನೆಯಲ್ಲಿ ಎರಡನೇ ಮಗುವೂ ಅದೇ ಕಾಯಿಲೆ ಹೊತ್ತುಕೊಂಡು ಹುಟ್ಟಬಹುದು. ಇದಕ್ಕಿಂತ ದೊಡ್ಡ ಭಾಷೆಯ ವಿಷಯ ಯಾವುದಿದೆ ಹೇಳಿ.

ಥಲಸ್ಸೇಮಿಯಾ ಅಂಟುರೋಗ ಅಲ್ಲ. ಊಟ ಸರಿ ಇಲ್ಲದೆ ಬರೋದಲ್ಲ, ಬಸುರಿ ಗ್ರಹಣ ನೋಡಿದ್ದಕ್ಕೆ ಬರೋದಲ್ಲ. ಅಪ್ಪ ಅಮ್ಮನಿಂದ ಮಗುವಿಗೆ ಇಳಿದು ಬರುವ ರಕ್ತದ ದೋಷ. ನಮ್ಮ ರಕ್ತದ ಕೆಂಪು ಕಣದೊಳಗೆ ಹಿಮೋಗ್ಲೋಬಿನ್ ಇರುತ್ತೆ, ಉಸಿರಿನ ಆಮ್ಲಜನಕವನ್ನು ಹೊತ್ತು ಮೈತುಂಬ ಹಂಚೋದು ಅದೇ. ಅದನ್ನು ಕಟ್ಟಲು ಬೇಕಾದ ಬೀಟಾ ಎಂಬ ಸರಪಳಿಯ ಜೀನು ನಮ್ಮ 11ನೇ ವರ್ಣತಂತುವಿನಲ್ಲಿದೆ. ಪ್ರತಿಯೊಬ್ಬರಲ್ಲೂ ಎರಡು ಪ್ರತಿ. ಒಂದು ಅಪ್ಪ ಕೊಟ್ಟಿದ್ದು, ಒಂದು ಅಮ್ಮ ಕೊಟ್ಟಿದ್ದು. ಎರಡರಲ್ಲಿ ಒಂದು ಕೆಟ್ಟಿದ್ರೆ ಇನ್ನೊಂದು ಕೆಲಸ ನಡೆಸಿಕೊಂಡು ಹೋಗುತ್ತೆ. ಆ ಮನುಷ್ಯ ಹೊಲ ಉಳ್ತಾನೆ, ಕಬಡ್ಡಿ ಆಡ್ತಾನೆ, ಎಂಬತ್ತು ವರ್ಷ ಬದುಕ್ತಾನೆ, ತನ್ನೊಳಗೆ ಹೀಗೊಂದು ಇದೆ ಅಂತ ಗೊತ್ತೇ ಇಲ್ಲದೆ ತೀರಿಕೊಳ್ತಾನೆ. ಎರಡೂ ಕೆಟ್ಟಿದ್ರೆ ಅದು ಥಲಸ್ಸೇಮಿಯಾ ಮೇಜರ್.

ಆ ಮಗು ಹುಟ್ಟುವಾಗ ದುಂಡುದುಂಡಾಗೇ ಇರುತ್ತೆ. ಯಾಕಂದ್ರೆ ಹೊಟ್ಟೆಯೊಳಗಿದ್ದಾಗ ಕೆಲಸ ಮಾಡುವ ಹಿಮೋಗ್ಲೋಬಿನ್ನೇ ಬೇರೆ, ಅದಕ್ಕೆ ಬೀಟಾ ಸರಪಳಿ ಬೇಡ. ಆರು ತಿಂಗಳಿಂದ ಎರಡು ವರ್ಷದೊಳಗೆ ಬಣ್ಣ ಬಿಳಿಚಿಕೊಳ್ಳುತ್ತೆ, ಹಾಲು ಸೇರಲ್ಲ, ಗುಲ್ಮ ದಪ್ಪಗಾಗಿ ಹೊಟ್ಟೆ ಮುಂದೆ ಬರುತ್ತೆ. ನಮ್ಮಲ್ಲಿ ಮೊದಲು ದೃಷ್ಟಿ ತೆಗೀತಾರೆ, ಆಮೇಲೆ ತಾಯತ, ಆಮೇಲೆ ಟಾನಿಕ್ಕು. ಅಷ್ಟರಲ್ಲಿ ತಿಂಗಳುಗಳು ಕಳೆದಿರುತ್ತವೆ. ರೋಗ ಗೊತ್ತಾದ ಮೇಲೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಹಾಕಿಸಬೇಕು. ಒಂದು ವರ್ಷ, ಎರಡು ವರ್ಷ ಅಲ್ಲ, ಬದುಕಿರೋವರೆಗೂ. ಅಲ್ಲಿಗೂ ಮುಗಿಯಲ್ಲ. ಪ್ರತಿ ಚೀಲ ರಕ್ತದ ಜೊತೆ 200 ಮಿಲಿಗ್ರಾಮಿಗೂ ಹೆಚ್ಚು ಕಬ್ಬಿಣ ಮೈಸೇರುತ್ತೆ. ಅದನ್ನು ಹೊರಹಾಕೋ ದಾರಿ ದೇಹಕ್ಕೆ ಗೊತ್ತಿಲ್ಲ. ಹೃದಯ, ಯಕೃತ್ತಿನಲ್ಲಿ ಕೂತುಬಿಡುತ್ತೆ. ಅದಕ್ಕೇ ಕಬ್ಬಿಣ ಇಳಿಸೋ ಮಾತ್ರೆಯನ್ನು ದಿನಾ ತಗೋಬೇಕು. "ರಕ್ತ ಹಾಕಿಸ್ತಿದ್ದೀವಲ್ಲ, ಮಾತ್ರೆ ಯಾಕೆ" ಅಂತ ಮಾತ್ರೆ ಬಿಟ್ಟ ಮಕ್ಕಳನ್ನು ಕೊಲ್ಲೋದು ರಕ್ತದ ಕೊರತೆಯಲ್ಲ, ಕಬ್ಬಿಣ. ಇದನ್ನು ತಾಯಿಗೆ ತಾಯಿಯ ಭಾಷೆಯಲ್ಲಿ ಕೂತು ಹೇಳದೆ ಚೀಟಿ ಬರೆದು ಕಳಿಸೋದು ಚಿಕಿತ್ಸೆ ಹೇಗಾಗುತ್ತೆ?

ಈಗ ಪದಗಳ ವಿಷಯಕ್ಕೆ ಬರೋಣ, ಯಾಕಂದ್ರೆ ಅನರ್ಥ ಶುರುವಾಗೋದೇ ಅಲ್ಲಿ.

ಒಂದು ಕೆಟ್ಟ ಜೀನು ಹೊತ್ತವರಿಗೆ ಡಾಕ್ಟರು "ಥಲಸ್ಸೇಮಿಯಾ ಮೈನರ್" ಅಂತಾರೆ. ನಮ್ಮೂರಲ್ಲಿ ಮೈನರ್ ಅಂದ್ರೆ ಏನು? ಹದಿನೆಂಟು ತುಂಬದೋರು. "ನಮ್ಮ ಹುಡುಗಿಗೆ ಇಪ್ಪತ್ತಮೂರು ಆಗಿದೆ ಡಾಕ್ಟ್ರೇ, ಮೈನರ್ ಅಲ್ಲ" ಅಂತ ಒಬ್ಬ ತಂದೆ ವಾದ ಮಾಡಿದ್ದು ನಮಗೆ ಗೊತ್ತು. ನಗಬೇಡಿ. ಆತನ ತಪ್ಪಿಲ್ಲ. ಇನ್ನು ಕೆಲವರಿಗೆ ಮೈನರ್ ಅಂದ್ರೆ ಸಣ್ಣ ಕಾಯಿಲೆ, ನಾಲ್ಕು ಮಾತ್ರೆಗೆ ವಾಸಿಯಾಗೋದು. ಮದುವೆಗೆ ಮುಂಚೆ ಹೇಳಬೇಕಾದ್ದೇನೂ ಅಲ್ಲ.

ಇಂಗ್ಲಿಷ್ ಬಿಟ್ಟು ದೇಶಭಾಷೆಗೆ ಬಂದ್ರೆ "ವಾಹಕ". ಮರಾಠಿ ಕರಪತ್ರದಲ್ಲೂ ಅದೇ ಪದ. ಜತ್ತ, ಅಕ್ಕಲಕೋಟೆ ಕಡೆ ನಮ್ಮವರಿಗೆ ವಾಹಕ ಅಂದ್ರೆ ಯಾರು ಗೊತ್ತಲ್ಲ? ಎಸ್‌ಟಿ ಬಸ್ಸಿನಲ್ಲಿ ಟಿಕೆಟ್ ಹರಿಯೋನು. "ನೀವು ವಾಹಕರು" ಅಂದ್ರೆ "ಇಲ್ರೀ, ನಾ ಗೌಂಡಿ ಕೆಲಸ ಮಾಡ್ತೀನಿ" ಅನ್ನೋ ಉತ್ತರ ಬಂದ್ರೆ ಅದು ಜೋಕಲ್ಲ. ಅದರ ಬದಲು "ನಿನ್ನೊಳಗೆ ಒಂದು ಕೆಟ್ಟ ಜೀನು ಐತಿ, ನಿನಗೇನೂ ತೊಂದ್ರಿ ಇಲ್ಲ, ಆದ್ರ ಮದಿವಿ ಆಗಾಕಿಗೂ ಅದ ಇದ್ರ ಮಕ್ಕಳಿಗೆ ತ್ರಾಸ ಆಗ್ತೈತಿ" ಅಂತ ಹೇಳಿದ್ರೆ ಅರ್ಧ ನಿಮಿಷ ಸಾಕು. ಆ ಅರ್ಧ ನಿಮಿಷವನ್ನೇ ನಾವು ಕೇಳ್ತಿರೋದು.

ಗಂಡ ಹೆಂಡತಿ ಇಬ್ಬರೂ ಒಂದೊಂದು ಕೆಟ್ಟ ಜೀನು ಹೊತ್ತಿದ್ರೆ ಪ್ರತಿ ಬಸುರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಮೇಜರ್ ಆಗೋ ಸಾಧ್ಯತೆ, ಎರಡು ಪಾಲು ಅಪ್ಪ ಅಮ್ಮನ ಹಾಗೇ ಒಂದು ಜೀನು ಹೊತ್ತು ಹುಟ್ಟೋ ಸಾಧ್ಯತೆ, ಒಂದು ಪಾಲು ಏನೂ ಇಲ್ಲದಿರೋ ಸಾಧ್ಯತೆ. "ಪ್ರತಿ ಬಸುರಿನಲ್ಲೂ" ಅನ್ನೋ ಮಾತು ಎಲ್ಲಕ್ಕಿಂತ ಮುಖ್ಯ. ಇದು ಪರಭಾಷೆಯಲ್ಲಿ ಅರೆಬರೆ ಕಿವಿಗೆ ಬಿದ್ದಾಗ ಏನಾಗುತ್ತೆ ಅಂದ್ರೆ, "ನಾಲ್ಕರಲ್ಲಿ ಒಂದು ಅಂದ್ರು, ಒಂದು ಆಗಿಹೋಯ್ತು, ಇನ್ನು ಮೂರು ಚೆನ್ನಾಗಿ ಹುಟ್ತವೆ" ಅಂತ ಲೆಕ್ಕ ಹಾಕ್ತಾರೆ. ಕವಡೆಗೆ ಹಿಂದಿನ ಆಟದ ನೆನಪಿರಲ್ಲ. ಎರಡನೇ ಸಲವೂ ಅದೇ ಲೆಕ್ಕ, ಮೂರನೇ ಸಲವೂ ಅದೇ ಲೆಕ್ಕ. ಇಷ್ಟು ಗೊತ್ತಿದ್ರೆ ಮುಂದಿನ ಬಸುರಿನ ಹತ್ತರಿಂದ ಹನ್ನೆರಡನೇ ವಾರದಲ್ಲೇ ಪರೀಕ್ಷೆ ಮಾಡಿಸಿ, ಮುಂದೇನು ಅಂತ ದಂಪತಿಯೇ ಯೋಚಿಸಿ ತೀರ್ಮಾನಿಸಬಹುದು. ಗೊತ್ತಿಲ್ಲದಿದ್ರೆ ತೀರ್ಮಾನ ಅವರ ಕೈಯಲ್ಲೇ ಇರಲ್ಲ.

ಅಧಿಕಾರಿಗಳನ್ನು ಕೇಳಿದ್ರೆ ಒಂದೇ ಸಿದ್ಧ ಉತ್ತರ. "ನಿಮ್ಮ ಹುಡುಗರಿಗೆ ಮಲಯಾಳ ಬರುತ್ತಲ್ಲ." "ತಮಿಳು ಓದ್ತಾರಲ್ಲ." "ತೆಲುಗು ಮಾತಾಡ್ತಾರಲ್ಲ." ಹೌದು, ಬರುತ್ತೆ. ಸಂತೆಯಲ್ಲಿ ಚೌಕಾಸಿ ಮಾಡೋಷ್ಟು ಬರುತ್ತೆ. ಕೆಲಸ ಕೇಳೋಷ್ಟು, ಬೈಸಿಕೊಂಡರೆ ತಿರುಗಿ ಬಯ್ಯೋಷ್ಟು ಬರುತ್ತೆ. ಆದರೆ ನಿನ್ನ ಮಗು ಯಾಕೆ ಹೀಗೆ ಹುಟ್ಟಿತು, ಇನ್ನೊಂದು ಮಗು ಬೇಕಾದರೆ ಏನು ಮಾಡಬೇಕು ಅನ್ನೋದು ಸಂತೆಯ ಮಾತಲ್ಲ. ತಾಳವಾಡಿಯ ಗುಡ್ಡದ ಹಳ್ಳಿಯ ಅಜ್ಜಿಗೆ, ಮಡಕಶಿರಾದ ತಾಯಿಗೆ, ಮಂಜೇಶ್ವರದ ಅತ್ತೆಗೆ ಅದು ಅರ್ಥವಾಗಬೇಕು. ಮದುವೆ ಮಾತು ಆಡೋದು ಅವರು. ಬಾಣಂತನ ಮಾಡೋದು ಅವರು.

ಕೊನೆಗೆ ಏನು ನಡೀತಿದೆ ಅಂದ್ರೆ, ಕಾಯಿಲೆಯ ಮಗುವೇ ದುಭಾಷಿ. ಕೈಗೆ ಸೂಜಿ ಚುಚ್ಚಿಸಿಕೊಂಡು ಮಲಗಿರೋ ಹನ್ನೆರಡು ಹದಿಮೂರು ವರ್ಷದ ಹುಡುಗಿ, ಶಾಲೆಯಲ್ಲಿ ಆ ರಾಜ್ಯದ ಭಾಷೆ ಕಲಿತದ್ದಕ್ಕೆ, ತನ್ನ ಹೃದಯದಲ್ಲಿ ಕಬ್ಬಿಣ ಕೂತಿದೆ ಅಂತ ಡಾಕ್ಟರು ಹೇಳಿದ್ದನ್ನು ತನ್ನ ಅಮ್ಮನಿಗೆ ತಾನೇ ಕನ್ನಡ ಮಾಡಿ ಹೇಳಬೇಕು. ಅಮ್ಮ ಅಳ್ತಾಳೆ ಅಂತ ಅರ್ಧ ನುಂಗಿಕೊಳ್ತಾಳೆ. ನುಂಗಿದ ಆ ಅರ್ಧದಲ್ಲೇ ಮಾತ್ರೆಯ ಅಳತೆ ಇರುತ್ತೆ. ಇದನ್ನು ಹೊಂದಾಣಿಕೆ ಅಂತ ಕರೆಯೋರಿಗೆ ನಮ್ಮ ಮರ್ಯಾದೆ ಇಲ್ಲ.

ಗಡಿಯ ಇನ್ನೊಂದು ತೊಡಕು ದೂರದ ಊರಿನವರಿಗೆ ಅರ್ಥವೇ ಆಗಲ್ಲ. ನಮ್ಮ ಸಂಬಂಧಗಳು ಗಡಿ ದಾಟ್ತವೆ. ರಾಯದುರ್ಗದ ಹೆಣ್ಣು ಮೊಳಕಾಲ್ಮುರಿಗೆ, ಅಕ್ಕಲಕೋಟೆ ಹೆಣ್ಣು ಅಫಜಲಪುರಕ್ಕೆ, ಕಾಸರಗೋಡಿನದು ಪುತ್ತೂರಿಗೆ, ಹೊಸೂರಿನದು ಆನೇಕಲ್ಲಿಗೆ. ಆದವಾನಿ, ಆಲೂರು, ರಾಯದುರ್ಗ 1953ರಲ್ಲಿ ಬಳ್ಳಾರಿಯಿಂದ ಬೇರೆಯಾಗಿ ಆಂಧ್ರಕ್ಕೆ ಹೋದವು, ಕಾಸರಗೋಡು 1956ರಲ್ಲಿ ಕೇರಳಕ್ಕೆ ಹೋಯಿತು. ನೆಂಟಸ್ತನ ಯಾವ ಕಡೆಗೂ ಹೋಗಲಿಲ್ಲ, ಇದ್ದಲ್ಲೇ ಇದೆ. ಬಸುರಿಯಾದ ಮೇಲೆ ಮೊದಲ ರಕ್ತ ಪರೀಕ್ಷೆ ಗಂಡನ ಊರಲ್ಲಿ, ಒಂದು ರಾಜ್ಯದ ಕಾರ್ಡಿನಲ್ಲಿ. ಚೊಚ್ಚಲ ಹೆರಿಗೆ ತವರಲ್ಲಿ, ಇನ್ನೊಂದು ರಾಜ್ಯದ ಕಾರ್ಡಿನಲ್ಲಿ. ಒಂದು ಕನ್ನಡ, ಇನ್ನೊಂದು ತೆಲುಗು ಅಥವಾ ಮರಾಠಿ. ಅಲ್ಲಿ ಬರೆದಿದ್ದು ಇಲ್ಲಿ ಓದಲ್ಲ. "ರಕ್ತ ಕಡಿಮೆ ಇದೆ" ಅನ್ನೋ ಒಂದೇ ಮಾತು ಗಡಿ ದಾಟುತ್ತೆ, ಯಾಕೆ ಕಡಿಮೆ ಅನ್ನೋದು ದಾಟಲ್ಲ. ಎರಡೂ ಕಡೆ ಕಬ್ಬಿಣದ ಮಾತ್ರೆ ಕೊಡ್ತಾರೆ.

ಕಬ್ಬಿಣದ ಮಾತ್ರೆ ಕೆಟ್ಟದ್ದು ಅಂತ ಯಾರೂ ತಿಳೀಬೇಡಿ. ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತಹೀನತೆಗೆ ದೊಡ್ಡ ಕಾರಣ ಕಬ್ಬಿಣದ ಕೊರತೆಯೇ, ಮಾತ್ರೆ ಬಿಡಬಾರದು. ನಾವು ಹೇಳೋದಿಷ್ಟೇ. ತಿಂಗಳುಗಟ್ಟಲೆ ಸರಿಯಾಗಿ ಮಾತ್ರೆ ತಗೊಂಡ್ರೂ ಹಿಮೋಗ್ಲೋಬಿನ್ ಹತ್ತು ಹನ್ನೊಂದರಲ್ಲೇ ನಿಂತಿದ್ದರೆ, ಸಿಬಿಸಿ ರಿಪೋರ್ಟಿನಲ್ಲಿ ಎಂಸಿವಿ 80ಕ್ಕಿಂತ ಕೆಳಗಿದ್ದರೆ, "ಎಚ್‌ಬಿ ಎ2 ಪರೀಕ್ಷೆ ಮಾಡಿಸಬೇಕಾ?" ಅಂತ ಕೇಳಿ. ಎಚ್‌ಪಿಎಲ್‌ಸಿ ಅನ್ನೋ ಯಂತ್ರದಲ್ಲಿ ಮಾಡ್ತಾರೆ. ಬೀಟಾ ಥಲಸ್ಸೇಮಿಯಾ ಜೀನು ಹೊತ್ತವರಲ್ಲಿ ಈ ಎ2 ಪ್ರಮಾಣ ಸಾಮಾನ್ಯವಾಗಿ ಶೇಕಡಾ 3.5ಕ್ಕಿಂತ ಮೇಲಿರುತ್ತೆ. ಕಬ್ಬಿಣ ತೀರಾ ಕಡಿಮೆಯಿದ್ದಾಗ ಈ ಅಂಕಿ ತಗ್ಗಿ ಕಾಣೋದೂ ಉಂಟು, ಅದನ್ನು ಡಾಕ್ಟರ ಜೊತೆ ಕೂತೇ ಓದಿಸಿ. ಸ್ಪಷ್ಟವಾದ ಉತ್ತರ ಒಮ್ಮೆ ಸಿಕ್ಕರೆ ಮತ್ತೆ ಮಾಡಿಸಬೇಕಿಲ್ಲ. ಜೀನು ಬದಲಾಗಲ್ಲ.

ವಯನಾಡು, ನೀಲಗಿರಿಯ ಗೆಳೆಯರಿಗೆ ಇನ್ನೂ ಒಂದು ಮಾತಿದೆ. ಭಾರತದಲ್ಲಿ ಕುಡಗೋಲು ಕಣದ ಕಾಯಿಲೆ, ಅಂದ್ರೆ ಸಿಕಲ್ ಸೆಲ್, ಮೊದಲು ಗುರುತಾದದ್ದೇ 1952ರಲ್ಲಿ ನೀಲಗಿರಿಯ ಬುಡಕಟ್ಟುಗಳಲ್ಲಿ. ಕಾಡು ಸೀಮೆಯ ಮಲೇರಿಯಾದ ಜೊತೆ ಸಾವಿರಾರು ವರ್ಷ ಬದುಕಿದ ಜನರಲ್ಲಿ ಇಂಥ ಜೀನುಗಳು ಉಳಿದುಬಂದಿವೆ, ಯಾಕಂದ್ರೆ ಒಂದೇ ಪ್ರತಿ ಇದ್ದವರಿಗೆ ಮಲೇರಿಯಾ ಅಷ್ಟು ಸುಲಭಕ್ಕೆ ಕೊಲ್ಲಲಿಲ್ಲ. ಥಲಸ್ಸೇಮಿಯಾದ ಕತೆಯೂ ಅದೇ. ಅಂದ್ರೆ ಇದು ಶಾಪ ಅಲ್ಲ, ನಮ್ಮ ಹಿರೀಕರು ಬದುಕುಳಿದ ಗುರುತು. ಅಪ್ಪನಲ್ಲಿ ಸಿಕಲ್ ಸೆಲ್ ಜೀನು, ಅಮ್ಮನಲ್ಲಿ ಥಲಸ್ಸೇಮಿಯಾ ಜೀನು ಇದ್ದರೂ ಮಗುವಿಗೆ ಎರಡೂ ಸೇರಿದ ಕಾಯಿಲೆ ಬರಬಹುದು. ಕೇಂದ್ರ ಸರ್ಕಾರ 2023ರ ಜುಲೈನಲ್ಲಿ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನ ಶುರು ಮಾಡಿತು, ಬುಡಕಟ್ಟು ಪ್ರದೇಶಗಳ 40 ವರ್ಷದೊಳಗಿನ 7 ಕೋಟಿ ಜನರ ತಪಾಸಣೆ ಅದರ ಗುರಿ. ಒಳ್ಳೆಯದೇ. ಆದರೆ ವಯನಾಡಿನಲ್ಲಿ ಈ ಕಾಯಿಲೆ ಪಣಿಯ, ಕುರುಮರಲ್ಲಿರುವಂತೆ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿಲ್ಲದ ವಯನಾಡನ್ ಚೆಟ್ಟಿಗಳಲ್ಲೂ ಇದೆ. ರಕ್ತ ಪಟ್ಟಿ ನೋಡಿಕೊಂಡು ಹರಿಯಲ್ಲ.

ಇಷ್ಟು ಹೊತ್ತು ಸರ್ಕಾರಗಳನ್ನು ಬೈದಾಯ್ತು. ಈಗ ನಮ್ಮ ಮನೆಗಳ ಸರದಿ.

ನಮ್ಮಲ್ಲಿ ಮಗುವಿಗೆ ಹೀಗಾದ್ರೆ ಮೊದಲ ಬೆರಳು ತಿರುಗೋದು ಸೊಸೆ ಕಡೆಗೆ. "ಅವಳ ಕಾಲ್ಗುಣ." "ಅವಳ ತವರಿನ ರಕ್ತವೇ ಸರಿ ಇಲ್ಲ." ಮೇಲೆ ಹೇಳಿದ ಲೆಕ್ಕ ಇನ್ನೊಮ್ಮೆ ಓದಿ. ಥಲಸ್ಸೇಮಿಯಾ ಮೇಜರ್ ಆಗಬೇಕಾದ್ರೆ ಎರಡು ಕೆಟ್ಟ ಜೀನು ಬೇಕು. ಒಂದು ಅವಳದು, ಇನ್ನೊಂದು ನಿಮ್ಮ ಮನೆಯ ಕುಲದೀಪಕನದು. ಸೊಸೆಯನ್ನು ತವರಿಗೆ ಅಟ್ಟಿ ಮಗನಿಗೆ ಇನ್ನೊಂದು ಮದುವೆ ಮಾಡಿಸೋರು ಆ ಮಗನ ರಕ್ತ ಪರೀಕ್ಷೆ ಮಾತ್ರ ಮಾಡಿಸಲ್ಲ. ಇದು ಅಜ್ಞಾನ ಅಲ್ಲ, ದುಷ್ಟತನ.

ಸಂಬಂಧದೊಳಗಿನ ಮದುವೆ ಬಗ್ಗೆ ಮಾತಾಡಿದ್ರೆ ಹಿರಿಯರಿಗೆ ಸಿಟ್ಟು ಬರುತ್ತೆ. ಬರಲಿ. ಗಡಿಯಾಚೆ ನಾವು ಕಡಿಮೆ ಜನ. ಕನ್ನಡದವರೇ ಬೇಕು, ನಮ್ಮ ಜಾತಿಯವರೇ ಬೇಕು, ಗೊತ್ತಿರೋ ಮನೆಯೇ ಆಗಬೇಕು. ಹೀಗೆ ಸೋಸ್ತಾ ಸೋಸ್ತಾ ಕೊನೆಗೆ ಸಿಗೋದು ಸೋದರಮಾವ ಅಥವಾ ಅತ್ತೆ ಮಗ. ಗೋತ್ರ ಬೇರೆ, ಬೆಡಗು ಬೇರೆ, ಬಳಿ ಬೇರೆ ಅಂತ ಸಮಾಧಾನ. ಜೀನಿಗೆ ಬೆಡಗು ಗೊತ್ತಿಲ್ಲ. ಹುಡುಗಿಯ ಅಮ್ಮ ಒಂದು ಕೆಟ್ಟ ಜೀನು ಹೊತ್ತಿದ್ದಾಳೆ ಅಂತ ಇಟ್ಟುಕೊಳ್ಳಿ. ಅವಳಿಗೆ ಅದು ಬಂದಿದ್ದು ತನ್ನ ಅಪ್ಪ ಅಥವಾ ಅಮ್ಮನಿಂದ. ಹಾಗಾಗಿ ಅವಳ ತಮ್ಮನಿಗೂ ಅದಿರುವ ಸಾಧ್ಯತೆ ಅರ್ಧಕ್ಕರ್ಧ. ಮಗಳಿಗೆ ಬಂದಿರುವ ಸಾಧ್ಯತೆಯೂ ಅರ್ಧಕ್ಕರ್ಧ. ಹೊರಗಿನ ಹುಡುಗನಾದರೆ? ನಮ್ಮ ದೇಶದಲ್ಲಿ ಒಟ್ಟಾರೆ ನೂರಕ್ಕೆ ಮೂರು ನಾಲ್ಕು ಜನ ಈ ಜೀನು ಹೊತ್ತವರು. ಐವತ್ತಕ್ಕೂ ನಾಲ್ಕಕ್ಕೂ ಇರೋ ಅಂತರ ನೋಡಿ. ಮಾವನ ಮದುವೆ ಬೇಡ ಅಂತ ನಾವು ಆಜ್ಞೆ ಹೊರಡಿಸ್ತಿಲ್ಲ. ಮೂವತ್ತಾರು ಗುಣದಲ್ಲಿ ಎಷ್ಟು ಕೂಡಿತು ಅಂತ ಎಣಿಸೋರು ಒಂದು ಚಮಚ ರಕ್ತ ಕೊಡೋಕೆ ಹಿಂದೇಟು ಹಾಕೋದು ಯಾಕೆ ಅಂತ ಕೇಳ್ತಿದ್ದೀವಿ.

"ಪರೀಕ್ಷೆ ಮಾಡಿಸಿದ್ರೆ ಮದುವೆ ಮುರಿಯುತ್ತೆ, ಹೆಣ್ಣಿನ ಹೆಸರು ಕೆಡುತ್ತೆ." ಈ ಭಯ ನಿಜ, ನಾವು ಅಲ್ಲಗಳೆಯಲ್ಲ. ಅದಕ್ಕೇ ಗಂಡು ಮೊದಲು ಮಾಡಿಸಲಿ ಅನ್ನೋದು ನಮ್ಮ ಹಟ. ಗಂಡಿನ ರಿಪೋರ್ಟು ಸರಿಯಿದ್ರೆ ಹೆಣ್ಣಿನದು ಏನೇ ಇರಲಿ, ಅವರ ಮಕ್ಕಳಿಗೆ ಥಲಸ್ಸೇಮಿಯಾ ಮೇಜರ್ ಬರಲ್ಲ. ಅಲ್ಲಿಗೆ ಮಾತು ಮುಗೀತು. ಹೆಣ್ಣನ್ನು ಲ್ಯಾಬಿಗೆ ಎಳೆಯೋ ಅಗತ್ಯವೇ ಇಲ್ಲ. (ಸಿಕಲ್ ಸೆಲ್ ಇರೋ ಕಡೆ ಅದನ್ನೂ ಅದೇ ರಕ್ತದಲ್ಲಿ ನೋಡಿಸಿಕೊಳ್ಳಲಿ.) ವರದಕ್ಷಿಣೆ ಲಿಸ್ಟು ಬರೆಯೋಕೆ ಬರೋ ಹುಡುಗರು ಒಂದು ಸೂಜಿಗೆ ಹೆದರಬಾರದು.

ಸೈಪ್ರಸ್ ದ್ವೀಪದ ಉದಾಹರಣೆ ನಮಗೆ ತುಂಬ ಹತ್ತಿರದ್ದು ಅನಿಸುತ್ತೆ. ಅಲ್ಲಿ ಸುಮಾರು ಏಳು ಜನರಲ್ಲಿ ಒಬ್ಬರು ಈ ಜೀನು ಹೊತ್ತವರು. ದ್ವೀಪದಲ್ಲಿ ಎರಡು ಭಾಷೆ, ಗ್ರೀಕ್ ಮತ್ತು ಟರ್ಕಿಶ್. 1974ರಿಂದ ನಡುವೆ ತಂತಿಬೇಲಿ, ಸೈನ್ಯ. ನಮ್ಮ ಗಡಿ ಜಗಳ ಅದರ ಮುಂದೆ ಏನೇನೂ ಅಲ್ಲ. ಹಾಗಿದ್ದೂ 1980ರ ದಶಕದ ಆರಂಭದೊಳಗೆ ಬೇಲಿಯ ಎರಡೂ ಕಡೆ ಮದುವೆಗೆ ಮುಂಚೆ ರಕ್ತ ಪರೀಕ್ಷೆಯ ಕಾಗದ ತೋರಿಸಬೇಕು ಅನ್ನೋ ನಿಯಮ ಬಂತು. ಗ್ರೀಕರ ಕಡೆ ಕಾಗದ ಕೇಳಿದ್ದು ಚರ್ಚು. ಮದುವೆ ಬೇಡ ಅಂತ ಯಾರೂ ತಡೀಲಿಲ್ಲ, ಪರೀಕ್ಷೆ ಆಗಿದೆ, ಕೂತು ಮಾತಾಡಿದ್ದೀವಿ ಅಂತ ಕಾಗದ ಬೇಕು ಅಷ್ಟೆ. ಥಲಸ್ಸೇಮಿಯಾ ಮೇಜರ್ ಮಕ್ಕಳ ಹುಟ್ಟು ಅಲ್ಲಿ ಹೆಚ್ಚುಕಡಿಮೆ ನಿಂತೇಹೋಯಿತು. ನಮ್ಮ ಮಠಗಳು, ದೇವಸ್ಥಾನಗಳು, ಮಸೀದಿ ಚರ್ಚುಗಳು ಸಾಮೂಹಿಕ ವಿವಾಹ ಮಾಡಿಸ್ತವೆ, ತಾಳಿ ಸೀರೆ ಕೊಡ್ತವೆ. ಆ ಅರ್ಜಿಯಲ್ಲಿ ಇದೊಂದು ಸಾಲು ಸೇರಿಸೋಕೆ ಯಾರ ಅಪ್ಪಣೆ ಬೇಕು?

ರಕ್ತದಾನದ ವಿಷಯ ಚುಟುಕಾಗಿ. ನವೆಂಬರ್ 1ಕ್ಕೆ ಬಾವುಟ ಹಾರಿಸಿ, ಶಿಬಿರ ಮಾಡಿ, ಫೋಟೋ ಹಾಕೋದು ಎಲ್ಲ ಸಂಘಗಳಿಗೂ ರೂಢಿ. ಈ ಮಕ್ಕಳಿಗೆ ರಕ್ತ ಬೇಕಾಗೋದು ಮೂರು ವಾರಕ್ಕೊಮ್ಮೆ. ಏಪ್ರಿಲ್ ಮೇ ತಿಂಗಳಲ್ಲಿ ಕಾಲೇಜು ರಜೆ, ದಾನಿಗಳಿಲ್ಲ, ಆಗ ಬ್ಲಡ್ ಬ್ಯಾಂಕ್ ಖಾಲಿ. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ನಿಮ್ಮ ಸಂಘದಲ್ಲಿ ಅರವತ್ತು ಜನ ಇದ್ರೆ ತಿಂಗಳಿಗೆ ಐದು ಜನರಂತೆ ಪಟ್ಟಿ ಮಾಡಿ. ಫೋಟೋ ಸಣ್ಣದಾಗುತ್ತೆ, ಚೀಲ ತಪ್ಪಲ್ಲ. ಇನ್ನೊಂದು ಮಾತು: ಥಲಸ್ಸೇಮಿಯಾ ಮಕ್ಕಳಿಗೆ ರಕ್ತವನ್ನು ಪುಕ್ಕಟೆ ಕೊಡಬೇಕು ಅಂತ 2014ರಲ್ಲೇ ರಾಷ್ಟ್ರ ಮಟ್ಟದಲ್ಲಿ ನಿರ್ದೇಶನ ಬಂದಿದೆ. ದುಡ್ಡು ಕೇಳಿದ್ರೆ ರಸೀದಿ ಕೇಳಿ, ಲಿಖಿತ ದೂರು ಕೊಡಿ.

ದೂರನ್ನು ಯಾವ ಭಾಷೆಯಲ್ಲಿ ಬರೆಯೋದು? ಕನ್ನಡದಲ್ಲಿ. ಸಂವಿಧಾನದ 350ನೇ ವಿಧಿ ಪ್ರಕಾರ, ಯಾವುದೇ ಅಧಿಕಾರಿಗೆ ಕುಂದುಕೊರತೆಯ ಮನವಿಯನ್ನು ಆ ರಾಜ್ಯದಲ್ಲಿ ಅಥವಾ ಒಕ್ಕೂಟದಲ್ಲಿ ಬಳಕೆಯಲ್ಲಿರೋ ಯಾವ ಭಾಷೆಯಲ್ಲಾದರೂ ಕೊಡೋ ಹಕ್ಕು ಪ್ರತಿಯೊಬ್ಬರಿಗೂ ಇದೆ. ಜಿಲ್ಲೆ ಅಥವಾ ತಾಲೂಕಿನ ಜನಸಂಖ್ಯೆಯಲ್ಲಿ ಶೇಕಡಾ 15ರಷ್ಟು ಅಲ್ಪಸಂಖ್ಯಾತ ಭಾಷಿಕರಿದ್ರೆ ಮುಖ್ಯ ಸೂಚನೆ, ನಿಯಮಗಳನ್ನು ಅವರ ಭಾಷೆಯಲ್ಲೂ ಪ್ರಕಟಿಸಬೇಕು ಅನ್ನೋದು ಭಾಷಾ ಅಲ್ಪಸಂಖ್ಯಾತರಿಗೆ ರಾಷ್ಟ್ರ ಮಟ್ಟದಲ್ಲಿ ಒಪ್ಪಿಕೊಂಡ ರಕ್ಷಣೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ, ಕಾಯಿಲೆಯ ವಿವರವನ್ನು ರೋಗಿಗೆ ಗೊತ್ತಿರುವ ಭಾಷೆಯಲ್ಲಿ ಹೇಳಬೇಕು ಅಂತಲೇ ಇದೆ. ನಾವು ಭಿಕ್ಷೆ ಕೇಳ್ತಿಲ್ಲ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಥಲಸ್ಸೇಮಿಯಾ, ಸಿಕಲ್ ಸೆಲ್, ಹಿಮೋಫಿಲಿಯಾ ಮೂರನ್ನೂ ಅಂಗವೈಕಲ್ಯ ಅಂತ ಗುರುತಿಸಿದೆ. ಶೇಕಡಾ 40 ಅಥವಾ ಹೆಚ್ಚಿನ ಪ್ರಮಾಣಪತ್ರ ಇದ್ರೆ ಉನ್ನತ ಶಿಕ್ಷಣದಲ್ಲಿ ಶೇಕಡಾ 5 ಮೀಸಲಾತಿಯ ವ್ಯಾಪ್ತಿಗೆ ಬರ್ತಾರೆ. ಆದರೆ ಅದೇ ಕಾಯ್ದೆಯ ಶೇಕಡಾ 4 ಉದ್ಯೋಗ ಮೀಸಲಾತಿಯ ಪಟ್ಟಿಯಲ್ಲಿ ರಕ್ತದ ಕಾಯಿಲೆಗಳನ್ನು ಸೇರಿಸಿಲ್ಲ. ಓದಿಸಿ ಮನೆಗೆ ಕಳಿಸೋ ಕಾನೂನು. ಯುಡಿಐಡಿ ಕಾರ್ಡು ಮಾಡಿಸದ ಮನೆಗಳಿದ್ರೆ ನಮ್ಮ ಹುಡುಗರು ಕೂತು ಫಾರ್ಮು ತುಂಬಿಕೊಡಿ. ಅದು ದೇಶದ ಎಲ್ಲ ಕಡೆ ನಡೆಯೋ ಕಾರ್ಡು, ಗಡಿ ದಾಟಿದ್ರೂ ಸತ್ತುಹೋಗಲ್ಲ.

ಕರ್ನಾಟಕದ ಗಡಿ ಪ್ರದೇಶಾಭಿವೃದ್ಧಿ ಪ್ರಾಧಿಕಾರಕ್ಕೂ ನಮ್ಮದೊಂದು ಬೇಡಿಕೆ. ಸಭಾಭವನ ಸಾಕು. ಎರಡು ಪುಟದ ಕರಪತ್ರ ಅಚ್ಚು ಹಾಕಿಸಿ. ಕಾಸರಗೋಡಿಗೆ ಕಾಸರಗೋಡಿನ ಕನ್ನಡದಲ್ಲಿ, ಜತ್ತಕ್ಕೆ ಜತ್ತದ ಕನ್ನಡದಲ್ಲಿ. ವಾಹಕ, ಅನುವಂಶೀಯ, ಆಪ್ತಸಮಾಲೋಚನೆ ಅಂತೆಲ್ಲ ಪುಸ್ತಕದ ಭಾಷೆ ಬೇಡ.

ಗೆಳೆಯ ಗೆಳತಿಯರೇ, ಈ ತಿಂಗಳೊಳಗೆ ನಿಮ್ಮ ತಾಲೂಕು ಆಸ್ಪತ್ರೆಗೆ ಇಬ್ಬಿಬ್ಬರು ಹೋಗಿ. ಎಚ್‌ಬಿ ಎ2 ಪರೀಕ್ಷೆ ಇಲ್ಲೇ ಆಗುತ್ತಾ, ಇಲ್ಲದಿದ್ರೆ ಸ್ಯಾಂಪಲ್ ಯಾವ ಊರಿಗೆ ಹೋಗುತ್ತೆ, ಎಷ್ಟು ದಿನಕ್ಕೆ ರಿಪೋರ್ಟು ಬರುತ್ತೆ, ಅದನ್ನು ಕನ್ನಡದಲ್ಲಿ ವಿವರಿಸೋರು ಯಾರಿದ್ದಾರೆ ಅಂತ ಬರಹದಲ್ಲಿ ಕೇಳಿ. ಕೊಟ್ಟ ಮನವಿಗೆ ಮೊಹರು ಹಾಕಿಸಿಕೊಂಡು ಒಂದು ಪ್ರತಿ ಇಟ್ಟುಕೊಳ್ಳಿ. ಉತ್ತರ ಬಂದ್ರೆ ಉತ್ತರ, ಬರದಿದ್ರೆ ಮೊಹರಿನ ತಾರೀಕು ನಮಗೆ ಕಳಿಸಿ. ತಾಲೂಕಿನ ಹೆಸರಿನ ಜೊತೆ ಒಂದೊಂದಾಗಿ ಇಲ್ಲೇ ಹಾಕ್ತೀವಿ. ರೋಗಿಗಳ ಹೆಸರು, ಫೋಟೋ ಮಾತ್ರ ಯಾರೂ ಕಳಿಸಬೇಡಿ.